ಕಾಯುವವರಿಗೆ ಕಣದ ಪಾಲು



ಮುಕ್ತ ತಂತ್ರಾಂಶದ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಸೈಬರ್ ಸುರಕ್ಷತೆ ಅಂದಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಒಟಿಪಿ ವಂಚನೆ, ಡಿಜಿಟಲ್ ಅರೆಸ್ಟ್. ಎಷ್ಟೋ ಮನೆಗಳ ಉಳಿತಾಯವನ್ನು ನುಂಗಿದ ಪಿಡುಗು ಅದು. ಆ ಕುರಿತು ಪ್ರತ್ಯೇಕ ಗೋಷ್ಠಿಯೇ ಇದೆ. ನಾನು ಇನ್ನೂ ಕೆಳಗಿನ ಪದರಕ್ಕೆ ಇಳಿಯುತ್ತೇನೆ. ನಮ್ಮ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಸರ್ವರ್‌ಗಳೆಲ್ಲ ಆಧರಿಸಿರುವ ಸಣ್ಣ ಸಣ್ಣ ತಂತ್ರಾಂಶಗಳು, ಅವನ್ನು ನೋಡಿಕೊಳ್ಳುವ ಬೆರಳೆಣಿಕೆಯ ಜನ: ಇದೇ ನನ್ನ ವಿಷಯ.

2024ರ ಮಾರ್ಚ್ ಕೊನೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಂಡ್ರೆಸ್ ಫ್ರೊಯಿಂಡ್ ಮೈಕ್ರೋಸಾಫ್ಟ್‌ನ ಎಂಜಿನಿಯರ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಲ್ಲಿ ಒಬ್ಬರು. ಡೆಬಿಯನ್ ಲಿನಕ್ಸ್‌ನ ಇನ್ನೂ ಸಿದ್ಧವಾಗುತ್ತಿದ್ದ (ಅನ್‌ಸ್ಟೇಬಲ್) ಆವೃತ್ತಿಯಲ್ಲಿ ಡೇಟಾಬೇಸ್‌ನ ವೇಗ ಅಳೆಯುತ್ತಿದ್ದಾಗ, ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದು ಅವರ ಗಮನಕ್ಕೆ ಬಂತು. ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರೇನೋ. ಅವರು ಬೆನ್ನು ಹತ್ತಿದರು. ಜಾಡು ಕಡೆಗೆ ತಲುಪಿದ್ದು ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶಕ್ಕೆ. ಅದರ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಹಿಂಬಾಗಿಲೊಂದು ಅಡಗಿತ್ತು. ಅದರ ಗುಪ್ತ ಕೀಲಿ ಉಳ್ಳವನು ಪಾಸ್‌ವರ್ಡ್ ಇಲ್ಲದೆಯೇ ಸರ್ವರ್‌ನಲ್ಲಿ ತನಗೆ ಬೇಕಾದ ಆಜ್ಞೆಯನ್ನು ನಡೆಸಬಹುದಿತ್ತು. ಮಾರ್ಚ್ 29ರಂದು ಫ್ರೊಯಿಂಡ್ ಅದನ್ನು ಲೋಕದ ಮುಂದಿಟ್ಟರು. ಆ ಆವೃತ್ತಿಗಳು ಆಗಿನ್ನೂ ಹೆಚ್ಚಾಗಿ ಪರೀಕ್ಷಾ ಹಂತದ ವ್ಯವಸ್ಥೆಗಳನ್ನೇ ಮುಟ್ಟಿದ್ದವು. ಕೆಲವು ತಿಂಗಳು ತಡವಾಗಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಹರಡುತ್ತಿದ್ದವು.

ಆ ಹಿಂಬಾಗಿಲನ್ನು ಇಟ್ಟ ಬಗೆ ನನ್ನನ್ನು ಇಂದಿಗೂ ಕಾಡುತ್ತದೆ. ಎಕ್ಸ್‌ಜೆಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್. ಸಂಬಳವಿಲ್ಲ, ಬಿಡುವಿನಲ್ಲಿ ಮಾಡುವ ಕೆಲಸ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನವರು ಸಹಾಯಕ್ಕೆ ಬಂದರು. ಸಣ್ಣಪುಟ್ಟ ತಿದ್ದುಪಡಿಗಳು, ವಿನಯದ ಮಾತು. 2022ರಲ್ಲಿ ಯಾರೂ ಕಂಡರಿಯದ ಒಂದಿಬ್ಬರು ಬಂದು, ಕೆಲಸ ನಿಧಾನವಾಗಿದೆ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು ಕಾಲಿನ್‌ರನ್ನು ಪೀಡಿಸತೊಡಗಿದರು. ತನ್ನ ಶಕ್ತಿಗೆ ಮಿತಿಯಿದೆ, ಇದು ದುಡ್ಡಿಲ್ಲದ ಹವ್ಯಾಸ ಎಂದು ಕಾಲಿನ್ ವಿನಯದಿಂದಲೇ ನೆನಪಿಸಿದರು. ಒತ್ತಡ ನಿಲ್ಲಲಿಲ್ಲ. ಕೊನೆಗೆ ಜವಾಬ್ದಾರಿಯ ಪಾಲು ಜಿಯಾ ಟಾನ್ ಕೈಗೆ ಹೋಯಿತು; ಹಿಂಬಾಗಿಲು ಇಟ್ಟದ್ದು ಆ ಕೈಯೇ. ಆ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಇನ್ನೂ ಬಯಲಾಗಿಲ್ಲ. ದಣಿದ ಮನುಷ್ಯನನ್ನು ಹುಡುಕಿ, ಅವನಿಗೆ ಹೆಗಲು ಕೊಡುವ ನೆಪದಲ್ಲಿ ಒಳಹೊಕ್ಕರು. ಅವರಿಗಿಂತ ಮೊದಲು ನಿಜವಾದ ಹೆಗಲು ಕೊಡುವವರು ಒಬ್ಬರಾದರೂ ಬಂದಿದ್ದರೆ? ಈ ಪ್ರಶ್ನೆಯನ್ನು ನಾವು, ಆ ತಂತ್ರಾಂಶವನ್ನು ಬಿಟ್ಟಿಯಾಗಿ ಬಳಸಿದವರು, ನಮಗೇ ಕೇಳಿಕೊಳ್ಳಬೇಕು.

ಇದು ಮೊದಲ ಎಚ್ಚರಿಕೆಯೂ ಅಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ, ಅದು ಅಡಗಿದ್ದ, ಅಂತರಜಾಲದ ಬಹುಪಾಲು ಗೂಢಲಿಪಿಯನ್ನು ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಗೊತ್ತಾಯಿತು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಮುಕ್ತ ತಂತ್ರಾಂಶದಲ್ಲಿ ದೋಷ ಕಂಡಾಗ ಹಗಲು ರಾತ್ರಿ ಕೂತು ಸರಿಪಡಿಸಿದವರು ಸ್ವಯಂಸೇವಕರು. ಈಗ ಹೊಸ ಹೊರೆಯೊಂದು ಸೇರಿದೆ. ಜಗತ್ತಿನ ಫೋನು, ಕಾರು, ಟಿವಿಗಳಲ್ಲೆಲ್ಲ ಇರುವ ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್, ಕೃತಕ ಬುದ್ಧಿಮತ್ತೆಯಿಂದ ಬರೆಸಿ ಕಳಿಸುವ ಹುಸಿ ದೋಷವರದಿಗಳು ತಮ್ಮ ತಂಡದ ಸಮಯವನ್ನು ತಿನ್ನುತ್ತಿವೆ ಎಂದು ಮತ್ತೆ ಮತ್ತೆ ಹೇಳಿದ್ದಾರೆ. ನಿಜವಾದ ದೋಷ ಹುಡುಕಲೂ ಇದೇ ಬುದ್ಧಿಮತ್ತೆ ನೆರವಾಗುತ್ತಿದೆ, ಅದನ್ನು ಒಪ್ಪುತ್ತೇನೆ. ಆದರೆ ಬಂದ ವರದಿ ನಿಜವೋ ಹುಸಿಯೋ ಎಂದು ಕೂತು ಓದಬೇಕಾದವನು ಅದೇ ದಣಿದ ಮನುಷ್ಯ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ನೀವು ಕನ್ನಡ ಓದುವಾಗ ಒತ್ತಕ್ಷರ ಕೆಳಗೆ ಸರಿಯಾಗಿ ಕೂರುವಂತೆ, ಅರ್ಕಾವೊತ್ತು ತನ್ನ ಜಾಗಕ್ಕೆ ಹೋಗುವಂತೆ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಅದನ್ನು ಬೆಳೆಸಿದವರು ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್ ಮತ್ತು ಕೆಲವೇ ಸಂಗಾತಿಗಳು. ನಮ್ಮ ಭಾಷೆ ಪರದೆಯ ಮೇಲೆ ನೆಟ್ಟಗೆ ನಿಂತಿರುವುದಕ್ಕೆ ನಾವು ಇಂಥವರಿಗೆ ಋಣಿಗಳು.

ಇಂಥ ಋಣ ತೀರಿಸುವ ಬಗೆ ನಮ್ಮ ಹಳ್ಳಿಗಳಿಗೆ ಗೊತ್ತಿತ್ತು. ಕೋಲಾರ, ತುಮಕೂರು ಕಡೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ನೋಡುವುದು, ಕಟ್ಟೆಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ನೀರುಂಡ ಹೊಲದವರೆಲ್ಲ ಕಣದಲ್ಲೇ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು. ಅದು ದಾನವಾಗಿರಲಿಲ್ಲ, ಅವನ ಹಕ್ಕಾಗಿತ್ತು. ತಂತ್ರಾಂಶ ಕಾಯುವವರಿಗೆ ಅಂಥ ಹಕ್ಕಿನ ಪಾಲನ್ನು ನಾವು ಇನ್ನೂ ಗೊತ್ತುಮಾಡಿಲ್ಲ.

ಆಗದ ಮಾತೇನಲ್ಲ. ಜರ್ಮನಿ ಸರ್ಕಾರ 2022ರಿಂದ ಸಾವರಿನ್ ಟೆಕ್ ಫಂಡ್ ಮೂಲಕ ಇಂಥ ಬುನಾದಿ ತಂತ್ರಾಂಶಗಳಿಗೆ ಹಣ ಕೊಡುತ್ತಿದೆ. ನಮ್ಮ ಬೆಂಗಳೂರಿನದೇ ಜೆರೋಧಾ ಕಂಪನಿ 2024ರಲ್ಲಿ ಮುಕ್ತ ತಂತ್ರಾಂಶಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿ ಘೋಷಿಸಿತು. ಒಂದು ಕಂಪನಿಗೆ ಸಾಧ್ಯವಾದದ್ದು ಈ ನಗರದ ಉಳಿದ ಕಂಪನಿಗಳಿಗೆ ಏಕೆ ಅಸಾಧ್ಯ? ಸರ್ಕಾರದ ನಿಯಮಗಳಿಗೆ ಬಂದರೆ, ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ ಆದೇಶದಲ್ಲಿ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದು ವಿಧಿಸಿತು. ತಂತ್ರಾಂಶದೊಳಗಿನ ಬಿಡಿಭಾಗಗಳ ಪಟ್ಟಿ ಇಡುವುದಕ್ಕೂ ಮಾರ್ಗಸೂಚಿ ಕೊಟ್ಟಿದೆ. ಒಳ್ಳೆಯದು. ಆದರೆ ಪಟ್ಟಿಯಲ್ಲಿರುವ ಹೆಸರುಗಳ ಹಿಂದಿನ ಮನುಷ್ಯರನ್ನು ವಿಚಾರಿಸುವ ವಿಧಿ ಯಾವ ಆದೇಶದಲ್ಲೂ ನನಗೆ ಕಂಡಿಲ್ಲ.

ಆದ್ದರಿಂದ ರಾಜ್ಯ ಸರ್ಕಾರಕ್ಕೆ ಈ ಸಮ್ಮೇಳನದ ಬೇಡಿಕೆ ಸ್ಪಷ್ಟವಾಗಿರಲಿ. ಇ-ಆಡಳಿತದ ಪ್ರತಿ ಟೆಂಡರ್‌ನಲ್ಲೂ, ಆ ಯೋಜನೆ ಬಳಸುವ ಮುಕ್ತ ತಂತ್ರಾಂಶಗಳ ನಿರ್ವಹಣೆಗೆಂದೇ ವೆಚ್ಚದ ಒಂದು ಪಾಲು ಮೀಸಲಾಗಬೇಕು. ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ: ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ಹೊಸದೇ ಆಗಬೇಕೆಂಬ ಹಟ ಬಿಡಿ. ಇರುವ ತಂತ್ರಾಂಶಕ್ಕೆ ಪರೀಕ್ಷೆ ಬರೆದವರಿಗೂ, ಹಳೆಯ ದೋಷ ತಿದ್ದಿದವರಿಗೂ ಪೂರ್ಣ ಅಂಕ ಕೊಡಿ.

ವಿದ್ಯಾರ್ಥಿಗಳೇ, ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದು ಕೆಲಸ ಕಾದಿದೆ. ಗುಬ್ಬಿ, ನವಿಲು ಫಾಂಟ್‌ಗಳಿಂದ ಹಿಡಿದು ಕೀಲಿಮಣೆ ವಿನ್ಯಾಸಗಳವರೆಗೆ, ಕನ್ನಡ ಆಧರಿಸಿರುವ ಮುಕ್ತ ತಂತ್ರಾಂಶಗಳನ್ನು ಒಂದೊಂದಾಗಿ ಪಟ್ಟಿ ಮಾಡೋಣ. ನೋಡಿಕೊಳ್ಳುತ್ತಿರುವವರು ಯಾರು, ಕೊನೆಯ ಬಾರಿ ತಿದ್ದಿದ್ದು ಯಾವಾಗ, ಅವರಿಗೆ ಈಗ ಬೇಕಾದ ನೆರವೇನು ಎಂದು ಬರೆಯೋಣ. ಸಂಜೆ ಇಲ್ಲಿಂದ ಹೊರಡುವ ಮುನ್ನ ಪ್ರತಿಯೊಂದು ತಂತ್ರಾಂಶದ ಎದುರಿಗೂ, ಅದನ್ನು ನೋಡಿಕೊಳ್ಳುವವರ ಜೊತೆ ನಿಲ್ಲುವ ನಿಮ್ಮಲ್ಲೊಬ್ಬರ ಹೆಸರು ಇರಬೇಕು.