ಚಿತ್ತವಿಕಲತೆಯನ್ನು ಅರಿಯುವುದು

ಈಗ ತಮಗೆ ಕೇಳಿಸುತ್ತಿರುವುದು ನಮ್ಮ ಧ್ವನಿ ಮಾತ್ರ. ನಾವು ತಮ್ಮ ಕಣ್ಣಿಗೆ ಕಾಣುತ್ತಿಲ್ಲ. ಆದರೂ ಇದರಿಂದ ತಮಗೆ ಭಯವೇನೂ ಇಲ್ಲ. ಮಾತು ಎಲ್ಲಿಂದ ಬರುತ್ತಿದೆಯೆಂಬುದು ತಮಗೆ ಗೊತ್ತು. ಬೇಡವೆನಿಸಿದರೆ ಯಂತ್ರದ ಗುಂಡಿಯನ್ನು ತಿರುಗಿಸಿ ನಮ್ಮನ್ನು ಸುಮ್ಮನಿರಿಸಲೂ ಬಲ್ಲಿರಿ. ಯಂತ್ರವೂ ಇಲ್ಲದೆ, ನಿಲ್ಲಿಸುವ ಗುಂಡಿಯೂ ಇಲ್ಲದೆ, ಇಂತಹ ಧ್ವನಿಯೊಂದು ಹಗಲಿರುಳೂ ಕಿವಿಯಲ್ಲಿ ಮೊಳಗುತ್ತ, ತನ್ನನ್ನೇ ಹಳಿಯುತ್ತ ಇದ್ದರೆ ಮನುಷ್ಯನ ಪಾಡೇನು? ವೈದ್ಯರು ಸ್ಕಿಜೋಫ್ರೇನಿಯ ಎಂದೂ ಕನ್ನಡದಲ್ಲಿ ಚಿತ್ತವಿಕಲತೆಯೆಂದೂ ಕರೆಯುವ ರೋಗದಲ್ಲಿ ಅನೇಕರ ಪಾಡು ಇದೇ. ಮೈಸೂರಿನಲ್ಲಿ 1935ರಲ್ಲಿ ಬಾನುಲಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆದುದರಿಂದ ಈ ವಿಷಯ ಬಾನುಲಿಗೆ ಹೊರತಾದುದೆಂದು ಯಾರೂ ಭಾವಿಸಬೇಕಾಗಿಲ್ಲ.

ನಾವು ವೈದ್ಯರಲ್ಲ, ಪಾಠ ಹೇಳುವವರು. ಈ ರೋಗದ ವಿಚಾರವನ್ನು ತಿಳಿಯಬೇಕೆಂಬ ಆಸೆ ನಮಗೆ ಹುಟ್ಟಿದುದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನಿದ್ದನು. ಎರಡನೆಯ ವರ್ಷದಲ್ಲಿ ಅವನು ಮುಂದಿನ ಸಾಲನ್ನು ಬಿಟ್ಟು ಹಿಂದಿನ ಗೋಡೆಗೆ ಒರಗಿ ಕೂರತೊಡಗಿದನು. ಗೆಳೆಯರ ಸಂಗವನ್ನು ಬಿಟ್ಟನು. ಸ್ನಾನ, ಉಡುಪುಗಳಲ್ಲಿ ಅಲಕ್ಷ್ಯ ತೋರಿದನು. ಪ್ರಶ್ನೆ ಕೇಳಿದರೆ ಬೆದರಿದವನಂತೆ ನೋಡಿ ತನ್ನಷ್ಟಕ್ಕೆ ನಗುತ್ತಿದ್ದನು. ನಾವು ಇದನ್ನು ಸೋಮಾರಿತನವೆಂದೂ ಉದ್ಧಟತನವೆಂದೂ ಎಣಿಸಿ ಎಲ್ಲರೆದುರಿಗೆ ಗದರಿಸಿದೆವು. ಅವನ ಮನೆಯವರು ದೃಷ್ಟಿ ತೆಗೆಸಿದರು, ಹರಕೆ ಹೊತ್ತರು. ಬಂಧುಗಳು ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುವುದೆಂದು ಬುದ್ಧಿ ಹೇಳಿದರು. ಹೀಗೆ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಅವನು ಅನ್ನದಲ್ಲಿ ವಿಷವಿದೆಯೆಂದು ಊಟವನ್ನು ಬಿಟ್ಟಾಗ ಮಾತ್ರ ವೈದ್ಯರ ಬಳಿಗೆ ಕರೆದುಕೊಂಡು ಹೋದರು.

ಇಂದು ಅವನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ; ರಾತ್ರಿ ತಪ್ಪದೆ ಮಾತ್ರೆ ಸೇವಿಸುತ್ತಾನೆ. ಒಮ್ಮೆ ದಾರಿಯಲ್ಲಿ ಸಿಕ್ಕಾಗ ಹೇಳಿದನು: “ಸಾರ್, ತಾವು ಪಾಠ ಹೇಳುವಾಗ ತಮ್ಮ ಮಾತಿನ ನಡುವೆ ಇನ್ನೊಬ್ಬರು ಮಾತಾಡುತ್ತಿದ್ದರು. ಯಾವುದನ್ನು ಬರೆದುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.” ಅವನು ಇದನ್ನು ದೂರಾಗಿ ಹೇಳಲಿಲ್ಲ. ನಮಗೆ ಮಾತ್ರ ಅದು ಇಂದಿಗೂ ಮರೆತಿಲ್ಲ.

ಈ ರೋಗದ ಲಕ್ಷಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಇಲ್ಲದುದು ಇರುವಂತೆ ತೋರುವುದು. ಯಾರೂ ಆಡದ ಮಾತು ಕೇಳುವುದು ಇಂದ್ರಿಯಭ್ರಮೆ. ನೆರೆಯವರು ಸಂಚು ಮಾಡುತ್ತಿರುವರು, ಪತ್ರಿಕೆಯ ಸುದ್ದಿ ತನ್ನನ್ನೇ ಕುರಿತದ್ದು, ತನ್ನ ಆಲೋಚನೆಗಳನ್ನು ಇತರರು ಓದುತ್ತಿರುವರು ಎಂಬ ಅಲುಗದ ನಂಬಿಕೆಗಳು ಭ್ರಾಂತಿ. ಎರಡನೆಯದು, ಇರಬೇಕಾದುದು ಇಲ್ಲದಾಗುವುದು. ಉತ್ಸಾಹ ಕುಂದುವುದು, ಮುಖದಲ್ಲಿ ಭಾವ ಬತ್ತುವುದು, ಮಾತು ಕಡಿಮೆಯಾಗುವುದು ಈ ಬಗೆಯವು. ಮನೆಯವರು ಸೋಮಾರಿತನವೆಂದು ತಪ್ಪು ತಿಳಿಯುವುದು ಇದನ್ನೇ. ಮೂರನೆಯದು, ಆಲೋಚನೆಯ ಎಳೆ ತಪ್ಪುವುದು. ಗಮನ ನಿಲ್ಲದು, ಮಾತಿಗೆ ಮಾತು ಹೊಂದದು.

ಇಂತಹ ಲಕ್ಷಣಗಳೆಲ್ಲವೂ ಚಿತ್ತವಿಕಲತೆಯೇ ಅಲ್ಲ. ವಿಪರೀತ ಖಿನ್ನತೆಯಲ್ಲಿಯೂ, ಉನ್ಮಾದದಲ್ಲಿಯೂ, ಬಾಣಂತಿಯರಲ್ಲಿಯೂ, ಗಾಂಜಾ ಮೊದಲಾದ ಮಾದಕ ವಸ್ತುಗಳಿಂದಲೂ, ಜ್ವರ ಮೆದುಳಿಗೇರಿದಾಗಲೂ ಇಂದ್ರಿಯಭ್ರಮೆಗಳು ತೋರುವುದುಂಟು. ಯಾವುದು ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ.

ಜರ್ಮನಿಯ ಕ್ರೆಪೆಲಿನ್ ಎಂಬ ವೈದ್ಯರು 19ನೆಯ ಶತಮಾನದ ಕೊನೆಯಲ್ಲಿ ಈ ರೋಗವನ್ನು ಬೇರೆಯಾಗಿ ಗುರುತಿಸಿ, ಇದು ಎಳೆಯ ವಯಸ್ಸಿನಲ್ಲಿಯೇ ಬುದ್ಧಿಯನ್ನು ಕೆಡಿಸುವುದೆಂಬ ಅರ್ಥದ ಹೆಸರಿಟ್ಟರು. ಕೆಲವು ರೋಗಿಗಳು ಸುಧಾರಿಸುವುದನ್ನು ಕಂಡ ಸ್ವಿಟ್ಸರ್ಲೆಂಡಿನ ಬ್ಲಾಯ್ಲರ್ ಎಂಬುವರು ಆ ಹೆಸರು ಸಲ್ಲದೆಂದು 1908ರಲ್ಲಿ ಸ್ಕಿಜೋಫ್ರೇನಿಯ ಎಂಬ ಪದವನ್ನು ಬಳಕೆಗೆ ತಂದರು. ಒಡೆದ ಮನಸ್ಸು ಎಂಬುದು ಅದರ ಅರ್ಥ. ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿರುವರೆಂದು ಕಥೆಗಳಲ್ಲಿ ಹೇಳುವುದು ಇದಲ್ಲ. ಯೋಚನೆ, ಭಾವ, ನಡತೆಗಳ ನಡುವಣ ಬೆಸುಗೆ ಬಿಡುವುದೇ ಇಲ್ಲಿಯ ಒಡಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಿಗೆ ಒಬ್ಬರು ಈ ರೋಗಕ್ಕೆ ಒಳಗಾಗಿರುವರು. ಹೆಚ್ಚಾಗಿ ಇದು ಹದಿವಯಸ್ಸು ಮುಗಿಯುವಾಗಲೋ ಇಪ್ಪತ್ತರ ಪ್ರಾಯದಲ್ಲಿಯೋ ತಲೆದೋರುವುದು. ಇದಕ್ಕೆ ಒಂದೇ ಕಾರಣವಿಲ್ಲ. ವಂಶದಿಂದ ಬರುವ ಒಲವು ಉಂಟು. ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಅರ್ಧದಷ್ಟಾದರೂ ಸಂದರ್ಭಗಳಲ್ಲಿ ಮತ್ತೊಬ್ಬರಿಗೆ ಬರುವುದಿಲ್ಲ. ಹೆರಿಗೆಯ ತೊಡಕು, ಎಳವೆಯಲ್ಲಿ ಗಾಂಜಾ ಸೇವನೆ, ಬಾಳಿನ ಆಘಾತಗಳು ಅಪಾಯವನ್ನು ಹೆಚ್ಚಿಸುವುವು. ತಾಯಿತಂದೆಗಳು ಬೆಳೆಸಿದ ರೀತಿಯಿಂದ ಈ ರೋಗ ಬರುವುದೆಂಬುದು ಹಿಂದೆ ಪಂಡಿತರೂ ಹೇಳುತ್ತಿದ್ದ ಮಾತು; ಅದು ನಿಂತಿಲ್ಲ.

ಇನ್ನು ಚಿಕಿತ್ಸೆ. ನಮ್ಮ ದೇಶದಲ್ಲಿ ಸರ್ಪಗಂಧದ ಬೇರನ್ನು ಬುದ್ಧಿಭ್ರಮಣೆಗೆ ಕೊಡುವ ವಾಡಿಕೆ ಹಳೆಯದು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಅದರ ಗುಣವನ್ನು ಪ್ರಕಟಿಸಿದರು. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದ ಮೇಲೆ ಹೊಸ ಯುಗವೇ ಆರಂಭವಾಯಿತೆನ್ನಬಹುದು. ಈಗ ಅನೇಕ ಔಷಧಗಳಿವೆ. ಮೆದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯದ ಕೆಲಸವನ್ನು ತಗ್ಗಿಸಿ ಅವು ಧ್ವನಿಗಳನ್ನೂ ಭ್ರಾಂತಿಗಳನ್ನೂ ಹಿಡಿತಕ್ಕೆ ತರುವುವು. ಪೂರ್ಣ ಫಲ ಕಾಣಲು ವಾರಗಳು ಬೇಕು. ಮೈ ಬಿಗಿಯುವುದು, ಕೈ ನಡುಗುವುದು, ತೂಕ ಹೆಚ್ಚುವುದು ಮೊದಲಾದ ತೊಂದರೆಗಳೂ ಉಂಟು. ಅವನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುವರು. ಗುಣವಾಯಿತೆಂದು ತಾವೇ ನಿಲ್ಲಿಸಿದರೆ ರೋಗ ಮರುಕಳಿಸುವುದು ಬಹಳ ಸಾಮಾನ್ಯ.

ಆದರೆ ಮಾತ್ರೆಯೊಂದೇ ಸಾಲದು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಎಂಬ ವೈದ್ಯರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆಯಲ್ಲಿ ಮನೆಯವರನ್ನೂ ಇರಿಸಿದರು. ರೋಗವನ್ನು ಕಂಡರಿತ ಮನೆಯವರು ಭಯ ಬಿಟ್ಟು ರೋಗಿಯನ್ನು ಮನೆಗೆ ಕರೆದೊಯ್ದರು. ನಮ್ಮ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಮೈಸೂರು ಸರ್ಕಾರವು 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು; ಅದೇ 1974ರಿಂದ ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿದೆ. ಹೆಸರು ಬದಲಾದಷ್ಟು ಬೇಗ ನಮ್ಮ ಮನಸ್ಸು ಬದಲಾಗಲಿಲ್ಲ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ದರ್ಗಾದ ಬಳಿಯ ಕೊಟ್ಟಿಗೆಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯು ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಮನೆಯವರು ಮಾಡಬೇಕಾದುದೇನು? ರೋಗಿ ಧ್ವನಿ ಕೇಳುತ್ತಿದೆಯೆಂದಾಗ ವಾದಿಸಿ ಗೆಲ್ಲಲು ಹೋಗಬಾರದು. ಹೌದು, ನಮಗೂ ಕೇಳುತ್ತಿದೆಯೆಂದು ಸುಳ್ಳಾಡಲೂಬಾರದು. “ನನಗೆ ಕೇಳಿಸುತ್ತಿಲ್ಲ, ನಿನಗೆ ಕೇಳಿಸುತ್ತಿದೆ, ಭಯವಾಗುತ್ತಿದೆ, ಅದು ನನಗೆ ಗೊತ್ತಾಗುತ್ತದೆ” ಎಂದರೆ ಸಾಕು. ಹಂಗಿಸುವುದೂ ಅತಿಯಾಗಿ ಮುದ್ದಿಸುವುದೂ ಕೂಡದು. ದೇವರಲ್ಲಿ ನಂಬಿಕೆಯುಳ್ಳವರು ಹರಕೆಯನ್ನು ಸಲ್ಲಿಸಲಿ. ಆದರೆ ಅದಕ್ಕಾಗಿ ವೈದ್ಯರನ್ನು ತಡಮಾಡುವುದು ಬೇಡ. ಮದುವೆಯನ್ನು ಔಷಧವೆಂದು ಎಣಿಸಿದರೆ ಎರಡು ಜೀವಗಳಿಗೆ ಕೇಡು. ರೋಗಿಗಳೆಲ್ಲ ಅಪಾಯಕಾರಿಗಳೆಂಬುದು ತಪ್ಪು. ಹೆಚ್ಚಿನವರು ಯಾರನ್ನೂ ನೋಯಿಸುವವರಲ್ಲ. ಆತ್ಮಹತ್ಯೆಯ ಮಾತು ಬಂದರೆ ಮಾತ್ರ ಅದನ್ನು ಹಗುರವಾಗಿ ತಿಳಿಯದೆ ಕೂಡಲೆ ನೆರವು ಪಡೆಯಬೇಕು. ಸರ್ಕಾರದ ಟೆಲಿ ಮಾನಸ್ ದೂರವಾಣಿಯ 14416 ಸಂಖ್ಯೆಗೆ ಯಾವ ವೇಳೆಯಲ್ಲಿಯೂ ಕರೆ ಮಾಡಬಹುದು.

ರೋಗ ಕಾಣಿಸಿದಂದಿನಿಂದ ಚಿಕಿತ್ಸೆ ದೊರೆಯುವವರೆಗಿನ ಕಾಲ ದೀರ್ಘವಾದಷ್ಟೂ ಚೇತರಿಕೆ ಕಷ್ಟವೆಂಬುದು ವೈದ್ಯರ ಅನುಭವ. ನಮ್ಮ ವಿದ್ಯಾರ್ಥಿಗೆ ಆ ಕಾಲ ಒಂದೂವರೆ ವರ್ಷವಾಯಿತು. ಅದರಲ್ಲಿ ಕೆಲವು ತಿಂಗಳಾದರೂ ನಮ್ಮ ಪಾಲಿನವು. ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ತರಗತಿಯಲ್ಲಿಯೋ ಚೆನ್ನಾಗಿದ್ದ ಹುಡುಗನೋ ಹುಡುಗಿಯೋ ಕಾರಣವಿಲ್ಲದೆ ಹಿಂದಿನ ಗೋಡೆಗೆ ಒರಗಿ ಕುಳಿತುದನ್ನು ಕಂಡರೆ, ಗದರಿಸುವ ಮೊದಲು ಬಳಿಗೆ ಹೋಗಿ ಏನಾಗುತ್ತಿದೆಯೆಂದು ಮೆಲ್ಲನೆ ಕೇಳಿರಿ. ನಾವು ಕೇಳಲಿಲ್ಲ.