ಬಯಲುಸೀಮೆಯಲ್ಲಿ ಮಳೆಯ ಬೆನ್ನು ಹತ್ತಿದ ಒಂದು ದಿನ



ಮಲೆನಾಡಿನವರಿಗೆ ಮಳೆಯು ಮನೆಗೇ ಬಂದು ತಂಗುವ ನೆಂಟ. ನಮಗಾದರೋ ದೂರದಿಂದ ಮುಖ ತೋರಿಸಿ ಬೇರೊಂದು ಊರಿಗೆ ಹೊರಟುಹೋಗುವ ನೆಂಟ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗವೂ, 2022ರಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರವೂ ಆಡಳಿತದ ಗೆರೆಗಳಿಂದ ಎಷ್ಟೇ ದೂರವಾಗಲಿ, ಬರದ ವಿಷಯದಲ್ಲಿ ಒಡಹುಟ್ಟಿದವೇ ಸರಿ. ಪಶ್ಚಿಮ ಘಟ್ಟಗಳು ಮುಂಗಾರಿನ ನೀರನ್ನು ತಾವೇ ಹಿಂಡಿಕೊಂಡು ಬರಿಯ ಗಾಳಿಯನ್ನು ಇತ್ತ ಕಳುಹುತ್ತವೆ. ಅನಂತಪುರ ಸೀಮೆಯಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರು.

ಅಮೆರಿಕದ ಓಕ್ಲಹೋಮ ಬಯಲಿನಲ್ಲಿ ವಿಜ್ಞಾನಿಗಳು ಮೋಟಾರುಗಳಲ್ಲಿ ಬಿರುಗಾಳಿಯ ಬೆನ್ನು ಹತ್ತುವುದುಂಟು. 1973ರ ಮೇ 24ರಂದು ಯೂನಿಯನ್ ಸಿಟಿ ಎಂಬಲ್ಲಿ ಸುಂಟರಗಾಳಿಯೊಂದರ ಹುಟ್ಟಿನಿಂದ ಅಳಿವಿನವರೆಗಿನ ಚರಿತ್ರೆಯನ್ನೆಲ್ಲ ಅವರು ಚಿತ್ರಗಳಲ್ಲಿ ಹಿಡಿದರು. ಅಷ್ಟು ಭೀಕರವಾದುದು ನಮ್ಮಲ್ಲಿಲ್ಲ. ಆದರೆ ಭರಣಿ, ಕೃತ್ತಿಕೆ, ರೋಹಿಣಿಗಳ ಗುಡುಗುಮಳೆಗಳುಂಟು. ಅವುಗಳ ನಡೆಯನ್ನು ಕಣ್ಣಾರೆ ಕಾಣಬೇಕೆಂದು ನಾವು ಕೆಲವರು ರೋಹಿಣಿ ಮಳೆಯ ಒಂದು ದಿನ ರಾಯದುರ್ಗದಿಂದ ಹೊರಟೆವು.

ಬೆಳಿಗ್ಗೆ ಕಣೇಕಲ್ಲಿನ ಕಡೆಗೆ ಹೋದೆವು. ವೇದಾವತಿಯ, ಅಂದರೆ ನಮ್ಮ ಹಗರಿಯ, ಒಣ ಪಾತ್ರದಿಂದ ಗಾಳಿಯು ಹೊತ್ತು ತಂದ ಮರಳು ಅಲ್ಲಿ ಹೊಲಗಳ ಮೇಲೆ ದಿಬ್ಬವಾಗಿ ನಿಂತಿದೆ. ಮಳೆಯನ್ನು ತರಲಾರದ ಗಾಳಿ ಮರಳನ್ನು ಮಾತ್ರ ತಪ್ಪದೆ ತಂದಿದೆ!

ಮಧ್ಯಾಹ್ನ ಕಳೆಯುತ್ತಲೇ ಕಾದ ನೆಲದ ಗಾಳಿ ಮೇಲೇರಿ, ತೆಂಕಣ ದಿಕ್ಕಿನಲ್ಲಿ ಹೂಕೋಸಿನಂತೆ ಮೋಡವೊಂದು ಅರಳಿತು. ಕಲ್ಯಾಣದುರ್ಗವನ್ನು ದಾಟಿ, ಪಾವಗಡದಲ್ಲಿ ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ಮರಳಿ ಅದನ್ನು ಹಿಂಬಾಲಿಸಿದೆವು. ಮೋಡಕ್ಕೆ ಗಡಿಕಲ್ಲುಗಳ ಪರಿವೆಯೆಲ್ಲಿ? ಮಿಂಚು ಹೊಳೆದಾಗ ಎಣಿಸತೊಡಗಿ, ಗುಡುಗು ಕೇಳಿದಾಗ ನಿಲ್ಲಿಸಿ, ಎಣಿಸಿದ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರವೆಂದು ತಿಳಿಯುತ್ತದೆ. ಲೆಕ್ಕ 12ರಿಂದ 4ಕ್ಕೆ ಇಳಿಯಿತು. ಆಗ ಎದ್ದಿತು ತಣ್ಣನೆಯ ಗಾಳಿ, ಕೆಂಧೂಳಿನ ಗೋಡೆಯೊಡನೆ. ಬೀಳುವ ಮಳೆಯೇ ಗಾಳಿಯನ್ನು ತಂಪಾಗಿಸಿ ಕೆಳಕ್ಕೆ ತಳ್ಳುತ್ತದೆ. ಅದು ನೆಲಕ್ಕೆ ಬಡಿದು ಸುತ್ತಲೂ ಹರಡಿ, ಮಳೆಗಿಂತ ಮುಂಚೆ ಓಡಿಬರುತ್ತದೆ.

ಮಳೆ ಬಂದಿತು, ಅರ್ಧ ಗಂಟೆಯಲ್ಲಿ ಮುಗಿದೂ ಹೋಯಿತು. ಮಡಕಶಿರದ ಹಾದಿಯಲ್ಲಿ ಒಂದು ಹೊಲ ಕೆಸರಾಗಿತ್ತು, ಒಂದು ಕೂಗಳತೆಯಾಚೆಗೆ ಧೂಳು ಕೂಡ ಅಡಗಿರಲಿಲ್ಲ. ಅಲ್ಲಿ ನಿಂತಿದ್ದ ವೃದ್ಧ ರೈತರೊಬ್ಬರು ನಮ್ಮ ಸಾಹಸವನ್ನು ಕೇಳಿ ನಕ್ಕರು: "ನೀವು ಒಂದು ದಿನ ಮಳೆ ಹಿಂದೆ ಓಡಿದಿರಿ ಸ್ವಾಮಿ. ನಾವು ಬೀಜ ಕಟ್ಟಿಕೊಂಡು 40 ವರ್ಷದಿಂದ ಓಡ್ತಾ ಇದ್ದೀವಿ. ಇದನ್ನ ನಂಬಿ ಕಡ್ಲೆಕಾಯಿ ಬಿತ್ತಿದ್ರೆ ಬೀಜ ಹೋಯ್ತು; ನಂಬದೆ ಕೂತ್ರೆ ಹದ ಹೋಯ್ತು."

ಬಂಧುಗಳೇ, ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೀಜಕ್ಕೆ ಮಾಡಿದ ಸಾಲ ಮಳೆ ಕೈಕೊಟ್ಟರೂ ಉಳಿಯುತ್ತದೆ. ಆ ಮನೆಯ ಮಕ್ಕಳ ಓದು ಬೆಂಗಳೂರಿನ ಕೂಲಿಯಲ್ಲಿ ಕೊನೆಗಾಣುತ್ತದೆ. ಆದುದರಿಂದ ನಮ್ಮ ಕೈಲಾಗುವ ಎರಡು ಕೆಲಸಗಳನ್ನು ಈ ಸಭೆಯಲ್ಲಿ ವಿನಂತಿಸುತ್ತೇವೆ.

ಮೊದಲನೆಯದು ಪ್ರಾಣದ ಮಾತು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಹೊಲವನ್ನು ಬಿಟ್ಟು ಗಟ್ಟಿ ಕಟ್ಟಡವನ್ನು ಸೇರತಕ್ಕದ್ದು. ಹುಣಿಸೆಮರದ ಅಡಿಯಲ್ಲಿ ಎಂದಿಗೂ ನಿಲ್ಲಬಾರದು. ಕಡೆಯ ಗುಡುಗಿನ ತರುವಾಯ 30 ನಿಮಿಷ ಹೊರಬರಬಾರದು. ಪುಣೆಯ ಹವಾಮಾನ ಸಂಸ್ಥೆಯು ಸಿದ್ಧಪಡಿಸಿದ 'ದಾಮಿನಿ' ಎಂಬ ಮೊಬೈಲು ಸಾಧನವು ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ಕನ್ನಡವನ್ನಷ್ಟೇ ಬಲ್ಲ ಹಿರಿಯರಿಗೆ ಇಂತಹ ಎಚ್ಚರಿಕೆಗಳನ್ನು ಮಕ್ಕಳು ಓದಿ ಹೇಳಲಿ.

ಎರಡನೆಯದು, ನಮ್ಮ ಪ್ರತಿಯೊಂದು ಕನ್ನಡ ಶಾಲೆಯೂ ಮಳೆಯ ಪುಸ್ತಕವೊಂದನ್ನು ಇಡಲಿ. ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ ಸಾಕು. ಡಬ್ಬಿಯಲ್ಲಿ ನಿಂತ ಒಂದು ಮಿಲಿಮೀಟರು ನೀರೆಂದರೆ ಒಂದು ಚದರ ಮೀಟರು ನೆಲಕ್ಕೆ ಒಂದು ಲೀಟರು. ಊರೂರಿನ ಲೆಕ್ಕ ಕೂಡಿದರೆ, ಯಾವ ಹೊಲಕ್ಕೆ ನಿಜವಾಗಿ ಹದವಾಯಿತೆಂದು ರೈತನಿಗೆ ಹೇಳಲು ನಮಗೆ ಬಾಯಿ ಬರುತ್ತದೆ.

ಹಿಂದೆ ಹೆಂಜೇರು ಎನಿಸಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕಲ್ಲುಗಳಲ್ಲಿ ಕನ್ನಡ ಉಳಿದಿದೆ. ಮಕ್ಕಳ ಮಳೆಯ ಲೆಕ್ಕವೂ ಈ ನೆಲದ ಕನ್ನಡ ಶಾಸನವಾಗಲಿ ಎಂದು ಹಾರೈಸಿ ವಿರಮಿಸುತ್ತೇವೆ.