ಸಿರಿಯಸ್ ಒಡೆದ ದಿನದ ಚಿತ್ರ

ಬಂಡೆಸಾಲಿಗೆ ಸಿಕ್ಕಿಬಿದ್ದ ಹಡಗು, ಅದರ ಸುತ್ತ ನೊರೆಯೆದ್ದ ತೆರೆಗಳು, ಆಚೆಗೆ ದಡ. 1790ರ ಮಾರ್ಚ್ 19ರಂದು ನಾರ್ಫೋಕ್ ದ್ವೀಪದ ಸಿಡ್ನಿ ಕೊಲ್ಲಿಯಲ್ಲಿ ಒಡೆದ ಬ್ರಿಟಿಷ್ ನೌಕೆ ಸಿರಿಯಸ್‌ನ ಜಲವರ್ಣ ಚಿತ್ರವಿದು. ಬಿಡಿಸಿದವನು ವಿಲಿಯಂ ಬ್ರಾಡ್ಲಿ. ದೂರದ ಊರಿನಲ್ಲಿ ಕುಳಿತು ಸುದ್ದಿ ಕೇಳಿ ಬಿಡಿಸಿದ ಚಿತ್ರಗಾರನಲ್ಲ, ಅದೇ ಹಡಗಿನ ಮೊದಲ ಲೆಫ್ಟಿನೆಂಟ್. ಈ ಚಿತ್ರದ ಬೆಲೆಯಿರುವುದೇ ಅದರಲ್ಲಿ.

ನಾರ್ಫೋಕ್ ಆಸ್ಟ್ರೇಲಿಯದ ಸಿಡ್ನಿಯಿಂದ ಈಶಾನ್ಯಕ್ಕೆ ಸುಮಾರು 1,700 ಕಿಲೋಮೀಟರ್ ದೂರದಲ್ಲಿ, ಶಾಂತಸಾಗರದ ನಡುವೆ ಇರುವ ಪುಟ್ಟ ದ್ವೀಪ. ಸಿಡ್ನಿಯ ಹೊಸ ವಸಾಹತಿನಲ್ಲಿ ದವಸ ತೀರುತ್ತ ಬಂದಾಗ, ಉಣ್ಣುವ ಬಾಯಿಗಳನ್ನು ಕಡಿಮೆ ಮಾಡಲು ಗವರ್ನರ್ ಆರ್ಥರ್ ಫಿಲಿಪ್ ಕೈದಿಗಳನ್ನೂ ನೌಕಾಸೈನಿಕರನ್ನೂ ಸಿರಿಯಸ್ ಮತ್ತು ಸಪ್ಲೈ ಎಂಬ ಎರಡು ಹಡಗುಗಳಲ್ಲಿ ಅಲ್ಲಿಗೆ ಕಳಿಸಿದ. ದ್ವೀಪಕ್ಕೆ ಬಂದರಿಲ್ಲ. ಜನರನ್ನು ಮೊದಲೇ ಇನ್ನೊಂದು ಮಗ್ಗುಲಲ್ಲಿ ಇಳಿಸಲಾಗಿತ್ತು. ಸಾಮಾನು ಇಳಿಸಲೆಂದು ಕ್ಯಾಪ್ಟನ್ ಜಾನ್ ಹಂಟರ್ ಸಿರಿಯಸ್ಸನ್ನು ಕೊಲ್ಲಿಗೆ ತಂದಾಗ ಗಾಳಿ ದಿಕ್ಕು ಬದಲಿಸಿತು. ಹಡಗನ್ನು ಹೊರಳಿಸಲಾಗದೆ ಅದು ಬಂಡೆಗೆ ಬಡಿಯಿತು. ಭಾರ ಇಳಿಯಲೆಂದು ಹಾಯಿಕಂಬಗಳನ್ನು ಕಡಿದರೂ ತೆರೆಗಳು ಬಿಡಲಿಲ್ಲ.

ಆ ನೊರೆಯಲ್ಲಿ ದೋಣಿ ನಡೆಯುವಂತಿರಲಿಲ್ಲ. ನಾವಿಕರು ಒಂದು ಪೀಪಾಯಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟರು, ತೆರೆಗಳೇ ಅದನ್ನು ದಡಕ್ಕೆ ಒಯ್ದವು. ಆ ಹಗ್ಗದ ಬೆನ್ನಿಗೆ ದಪ್ಪನೆಯ ಇನ್ನೊಂದು ಹಗ್ಗ ಎಳೆದುಕೊಂಡು ಅದನ್ನು ಮರಕ್ಕೆ ಬಿಗಿದರು. ಅದರ ಮೇಲೆ ಜಾರುವ ಸಾಧನಕ್ಕೆ ಜನರನ್ನು ಕಟ್ಟಿ, ತೆರೆಗಳ ನಡುವಿನಿಂದಲೇ ದಡದವರು ಎಳೆದರು. ಬಂಡೆಗೆ ತಾಗಿ, ಉಪ್ಪುನೀರು ಕುಡಿದು, ಅರೆಜೀವವಾಗಿ ದಡ ಮುಟ್ಟಿದವರಲ್ಲಿ ಹಂಟರ್ ಸಹ ಒಬ್ಬ. ಒಂದು ಜೀವವೂ ಹೋಗಲಿಲ್ಲ. ಹಗ್ಗ, ಪೀಪಾಯಿ, ದಡದಲ್ಲಿದ್ದವರ ತೋಳ್ಬಲ ಸೇರಿ ಇಷ್ಟು ಜನರನ್ನು ಉಳಿಸಿದ್ದು ನಿಜಕ್ಕೂ ದೊಡ್ಡ ಸಾಹಸ.

ಆ ಕಾಲದ ನೌಕಾ ಅಧಿಕಾರಿಗೆ ಚಿತ್ರ ಬಿಡಿಸುವುದು ಹವ್ಯಾಸವಷ್ಟೇ ಆಗಿರಲಿಲ್ಲ, ಕೆಲಸದ ಭಾಗ. ಕರಾವಳಿಯ ರೇಖೆ, ಬಂಡೆಯ ನೆಲೆ, ತೆರೆ ಒಡೆಯುವ ಜಾಗ ಗುರುತಿಸಿಟ್ಟರೆ ಮುಂದೆ ಬರುವ ಹಡಗು ಉಳಿಯುತ್ತದೆ. ಬ್ರಾಡ್ಲಿ ತನ್ನ ದಿನಚರಿಯಲ್ಲಿ ನಕ್ಷೆಗಳ ಜೊತೆಗೇ ಇಂಥ ಚಿತ್ರಗಳನ್ನು ಸೇರಿಸಿದ. ಇದರ ತಲೆಬರಹದಲ್ಲೂ ಹಡಗಿಗಿಂತ ಬಂಡೆಸಾಲಿಗೇ ಮೊದಲ ಜಾಗ. ಅದೇ ಹಡಗಿನ ಕಿರಿಯ ನೌಕಾಧಿಕಾರಿ ಜಾರ್ಜ್ ರೇಪರ್ ಸಹ ಈ ಅವಘಡವನ್ನು ಬಿಡಿಸಿದ್ದಾನೆ.

ಬದುಕಿ ಉಳಿದವರಿಗೆ ಮುಂದಿನ ಕಷ್ಟ ಹಸಿವು. ದ್ವೀಪದಲ್ಲಿ ಸೈನಿಕ ಕಾನೂನು ಜಾರಿಯಾಯಿತು. ಮೌಂಟ್ ಪಿಟ್ ಬೆಟ್ಟದಲ್ಲಿ ಗೂಡು ಕಟ್ಟುವ ಪೆಟ್ರೆಲ್ ಕಡಲಹಕ್ಕಿಗಳನ್ನು ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚಾಗಿ ಕೊಂದು ತಿಂದರು. ಜನರ ಜೀವ ಉಳಿಯಿತು, ಆದರೆ ಕೆಲವೇ ವರ್ಷಗಳಲ್ಲಿ ಆ ಬೆಟ್ಟದಲ್ಲಿ ಆ ಹಕ್ಕಿಯೇ ಇಲ್ಲವಾಯಿತು. ಸಿರಿಯಸ್‌ನ ನಾವಿಕರು ದ್ವೀಪ ಬಿಟ್ಟದ್ದು 1791ರ ಫೆಬ್ರುವರಿಯಲ್ಲಿ. ಹಡಗು ಕಳೆದುಕೊಂಡದ್ದಕ್ಕೆ ವಿಚಾರಣೆ ನಡೆಸಿದ ಇಂಗ್ಲೆಂಡಿನ ಸೇನಾ ನ್ಯಾಯಾಲಯ ಹಂಟರ್‌ನನ್ನು ನಿರ್ದೋಷಿ ಎಂದಿತು, 1795ರಲ್ಲಿ ಅವನೇ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆದ. ಬ್ರಾಡ್ಲಿಯ ದಿನಚರಿ ಈಗ ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿದೆ. ಮುಳುಗುಗಾರರು ಆ ಬಂಡೆಸಾಲಿನಿಂದ ಮೇಲೆತ್ತಿದ ಹಡಗಿನ ಅವಶೇಷಗಳು ನಾರ್ಫೋಕ್‌ನ ಕಿಂಗ್‌ಸ್ಟನ್ ವಸ್ತುಸಂಗ್ರಹಾಲಯದಲ್ಲಿವೆ.